ಮೊಹರು ಒಡೆಯದ ಡಬ್ಬಿ

ಗಾಜಿನ ಪಾತ್ರೆಗಳನ್ನು ಮೂರು ಸಲ ನಲ್ಲಿಯ ನೀರಿನಲ್ಲಿ, ಮೂರು ಸಲ ಬಟ್ಟಿ ಇಳಿಸಿದ ನೀರಿನಲ್ಲಿ ಅಲುಬಿ ಗೋಡೆಯ ಗೂಟಗಳಿಗೆ ಬೋರಲು ಹಾಕುವುದು ವಿಬೆಕೆಯ ಬೆಳಗಿನ ಕೆಲಸ. ಮಿದುಳಿನ ಸಂಶೋಧನೆ ನಡೆಸುವ ಸಂಸ್ಥೆಯ ನೆಲಮಾಳಿಗೆಯಲ್ಲಿ ಅವಳೊಬ್ಬಳೇ. ಎತ್ತರದ ಕಿಟಕಿಯಲ್ಲಿ ರಸ್ತೆಯ ಸೈಕಲ್ಲುಗಳ ಚಕ್ರಗಳು ಮಾತ್ರ ಕಾಣುತ್ತವೆ, ತುಳಿಯುವವರು ಕಾಣುವುದಿಲ್ಲ. ಸೋಪು ಒಂದಿಷ್ಟು ಉಳಿದರೂ ಮೇಲಿನ ಮಹಡಿಯಲ್ಲಿ ಇಲಿಯ ಮಿದುಳಿನ ತೆಳು ಬಿಲ್ಲೆ ಗಂಟೆಯೊಳಗೆ ಸಾಯುತ್ತದೆ ಎಂದು ಮೊದಲ ದಿನ ಯಾರೋ ಹೇಳಿದ್ದರು. ಆವತ್ತಿನಿಂದ ಎರಡು ವರ್ಷ ಅವಳು ಲೆಕ್ಕ ತಪ್ಪಿಲ್ಲ. ಆರನೆಯ ಸಲ ನೀರು ಚೆಲ್ಲುವಾಗ ಗಾಜಿನಲ್ಲಿ ಹನಿ ನಿಲ್ಲದೆ ಹಾಳೆಯಂತೆ ಜಾರಿಹೋಗಬೇಕು. ಆಗ ಅದು ಶುದ್ಧ. ಕೊನೆಯ ಪಾತ್ರೆಯನ್ನು ಗೂಟಕ್ಕೆ ಸಿಕ್ಕಿಸಿ, ಕೈ ಒರೆಸಿಕೊಂಡು, ಮೇಲಿನ ಮಹಡಿಯ ಸಂಶೋಧಕ ಅಸ್ಗರ್‌ನ ಚೀಟಿ ನೋಡಿದಳು. ಸೂಜಿಗೆ ತುಂಬುವ ದ್ರಾವಣ ಮುಗಿದಿದೆ, ಹೊಸದು ಬೇಕು, ನಿನ್ನ ಕೈಯದೇ ಆಗಬೇಕು ಎಂದು ಬರೆದು, ಕೆಳಗೆ ನಗುವ ಇಲಿಯೊಂದರ ಚಿತ್ರ ಬಿಡಿಸಿದ್ದ. ಅವಳು ಚೀಟಿಯನ್ನು ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡಳು. ಅಂಥ ಚೀಟಿಗಳು ಮನೆಯಲ್ಲಿ ಬಿಸ್ಕತ್ತಿನ ಡಬ್ಬಿಯ ತುಂಬ ಇವೆ.

ರಾಸಾಯನಿಕಗಳ ಕಪಾಟಿನಲ್ಲಿ ಪೊಟ್ಯಾಸಿಯಂ ಅಸಿಟೇಟ್ ಎಡಕ್ಕೆ, ಪೊಟ್ಯಾಸಿಯಂ ಕ್ಲೋರೈಡ್ ಅದರ ಬಲಕ್ಕೆ ಇಡುವುದು ರೂಢಿ. ಎರಡೂ ಒಂದೇ ಅಳತೆಯ ಬಿಳಿ ಡಬ್ಬಿಗಳು, ಎರಡರಲ್ಲೂ ಬಿಳಿ ಹರಳು. ಅವಳ ಕೈ ಎಡದ ಡಬ್ಬಿಯನ್ನು ತೆಗೆಯಿತು. ತಕ್ಕಡಿಯ ಪಕ್ಕ ಇಟ್ಟು ಮುಚ್ಚಳ ತಿರುಗಿಸುವಾಗ ಡಬ್ಬಿಗೆ ಅಂಟಿಸಿದ ಚೀಟಿಯ ಮೇಲಿನ ಹೆಸರು ಅವಳ ಕಡೆಗೆ ತಿರುಗಿತು. ಕ್ಲೋರೈಡ್. ಅವಳು ಮತ್ತೆ ಕಪಾಟಿಗೆ ಹೋಗಿ ಎರಡನೆಯ ಸಾಲಿಗೆ ಕೈ ಹಾಕಿದಳು. ಹಿಂದೆ, ಗೋಡೆಗೆ ಒತ್ತಿಕೊಂಡು, ಅಸಿಟೇಟ್ ಡಬ್ಬಿ ಇತ್ತು. ಬೇಸಿಗೆ ಕಳೆದ ಮೇಲೆ ಬಂದ ಹೊಸ ಡಬ್ಬಿ, ಅವಳೇ ಸಹಿ ಹಾಕಿ ತೆಗೆದುಕೊಂಡದ್ದು. ಮುಚ್ಚಳದ ಸುತ್ತ ಕಾರ್ಖಾನೆಯ ಮೊಹರು ಹಾಗೇ ಇತ್ತು. ಅವಳು ಉಗುರಿನಿಂದ ಅದರ ಅಂಚು ಮುಟ್ಟಿ ನೋಡಿದಳು. ಎಲ್ಲಿಯೂ ಬಿರಿದಿರಲಿಲ್ಲ. ಈ ಡಬ್ಬಿ ತೆರೆದೇ ಇಲ್ಲ ಎನ್ನುವುದಾದರೆ ಆರು ವಾರಗಳಿಂದ, ನರಕೋಶಕ್ಕೆ ಚುಚ್ಚಿ ಅಳೆಯುವ ಅಸ್ಗರ್‌ನ ಗಾಜಿನ ಸೂಜಿಗಳಲ್ಲಿ ಇದ್ದದ್ದು ಏನು.

ಅದು ಗೊತ್ತಿತ್ತು. ಗೊತ್ತಾದ ಮೇಲೆ ಆ ದಿನವೂ ಪೂರ್ತಿ ನೆನಪಾಯಿತು. ಸೆಪ್ಟೆಂಬರ್ ಹನ್ನೆರಡು, ಸೋಮವಾರ. ಊಟದ ಮೇಜಿನಲ್ಲಿ ಹೋಲ್ಗರ್ ಅವಳ ಕಡೆ ತಿರುಗಿ, ಒಳ್ಳೆಯ ಮನಸ್ಸಿನಿಂದಲೇ, "ನೀನು ಎಲ್ಲೀವರೆಗೆ ಓದಿದ್ದು, ವಿಬೆಕೆ?" ಎಂದು ಕೇಳಿದ್ದರು. ಸಂಸ್ಥೆಗೆ ಅವರೇ ಮುಖ್ಯಸ್ಥರು, ಎಲ್ಲರೂ ಅವರನ್ನು ನೀನು ಎಂದೇ ಕರೆಯುತ್ತಾರೆ, ಈ ಊರಿನಲ್ಲಿ ಈಗ ಹಾಗೆಯೇ. ಅವಳ ನಾಲಿಗೆಗೆ ಮಾತ್ರ ಅದು ಬರುವುದಿಲ್ಲ, ಅವರನ್ನು ಕರೆಯಬೇಕಾಗದ ಹಾಗೆ ವಾಕ್ಯ ಜೋಡಿಸುತ್ತಾಳೆ. ಏಳನೆಯ ತರಗತಿ ಎಂದಳು. ಮೇಜಿನ ಸುತ್ತ ಕೂತವರೆಲ್ಲ ಅವಳ ಕಡೆ ತಿರುಗಿದರು. "ಏಳು ಅಂದ್ರೆ ಒಳ್ಳೇ ಸಂಖ್ಯೆ," ಎಂದು ಹೋಲ್ಗರ್ ನಗುವ ಪ್ರಯತ್ನ ಮಾಡಿದ್ದು ಎಲ್ಲಕ್ಕಿಂತ ಕೆಟ್ಟದಾಗಿತ್ತು. ಮಧ್ಯಾಹ್ನವೆಲ್ಲ ಅವಳು ಮನಸ್ಸಿನಲ್ಲಿ ಅವರಿಗೆ ಉತ್ತರ ಕೊಡುತ್ತಲೇ ಇದ್ದಳು. ಅಮ್ಮನಿಗೆ ಹುಷಾರಿರಲಿಲ್ಲ, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಗಣಿತದಲ್ಲಿ ನಾನು ತರಗತಿಗೇ ಮೊದಲು ಎಂದು. ಹಾಗೆ ಉತ್ತರ ಕೊಡುತ್ತಲೇ ಕಪಾಟು ಒರೆಸಿದಳು, ಖಾಲಿಯಾದ ಹಳೆಯ ಅಸಿಟೇಟ್ ಡಬ್ಬಿಯನ್ನು ಎಸೆದಳು, ಹೊಸದನ್ನು ಹಿಂದಕ್ಕೆ ಸರಿಸಿದಳು, ಖಾಲಿ ಜಾಗ ಕಣ್ಣಿಗೆ ಚೆನ್ನಾಗಿ ಕಾಣಲಿಲ್ಲವೆಂದು ಕ್ಲೋರೈಡನ್ನು ಎಡಕ್ಕೆ ಎಳೆದಳು. ಆಮೇಲೆ ದ್ರಾವಣ ಮಾಡಲು ಕೈ ಎಡಕ್ಕೆ ಹೋಯಿತು. ಕೈಗೆ ಓದು ಬರುವುದಿಲ್ಲ, ಜಾಗ ಗೊತ್ತಿರುತ್ತದೆ. ಅಸಿಟೇಟ್ ತೇವ ಹೀರಿ ಗಂಟು ಕಟ್ಟುತ್ತದೆ, ಚಮಚದಿಂದ ಕೆರೆದು ತೆಗೆಯಬೇಕು, ತುಸು ವಿನೆಗರಿನ ವಾಸನೆ. ಆವತ್ತು ಹರಳು ಅಡಿಗೆಯ ಉಪ್ಪಿನಂತೆ ಸಲೀಸಾಗಿ ಸುರಿದಿತ್ತು, ಅವಳಿಗೆ ಸಂತೋಷವೂ ಆಗಿತ್ತು. ನೀರಿನಲ್ಲಿ ಕರಗುವಾಗ ಫ್ಲಾಸ್ಕು ಅಂಗೈಯಲ್ಲಿ ತಣ್ಣಗಾಗಿತ್ತು. ಅಸಿಟೇಟ್ ಹಾಗೆ ತಣ್ಣಗಾಗುವುದಿಲ್ಲ. ಅಂಗೈಗೆ ಗೊತ್ತಾದದ್ದನ್ನು ಅವಳು ಕೇಳಿಸಿಕೊಳ್ಳಲಿಲ್ಲ.

ಮೆಟ್ಟಿಲಿನ ಮೇಲೆ ರಿಗ್ಮೋರ್‌ಳ ಚಪ್ಪಲಿಯ ಸದ್ದು. ಮೂವತ್ತು ವರ್ಷದಿಂದ ಇಲ್ಲಿ ಸಹಾಯಕಿಯಾಗಿರುವ ರಿಗ್ಮೋರ್ ಬಾಗಿಲಲ್ಲೇ ನಿಂತು, "ಏನೇ ಮೂಗಿ, ಡಬ್ಬೀನ ಮದುವೆ ಮಾಡ್ಕೋತೀಯಾ? ಆಗಿನಿಂದ ಅದರ ಮುಖಾನೇ ನೋಡ್ತಿದೀಯ," ಎಂದಳು. ವಿಬೆಕೆ ಡಬ್ಬಿಯನ್ನು ಎದೆಗೆ ಒತ್ತಿಕೊಂಡಿರುವುದು ಆಗ ಅವಳಿಗೇ ತಿಳಿಯಿತು. "ಕಾಫಿ ಆರಿಹೋಗ್ತಿದೆ, ಬಾ. ನಿನ್ನ ಅಸ್ಗರ್ ಮೇಲೆ ಕುಣೀತಿದಾನೆ."

ನಿನ್ನ ಅಸ್ಗರ್ ಎನ್ನುವುದು ರಿಗ್ಮೋರ್‌ಳ ಚೇಷ್ಟೆ. ಅಸ್ಗರ್‌ಗೆ ಹೆಂಡತಿ ಇದ್ದಾಳೆ, ವಸಂತದಲ್ಲಿ ಮಗುವೂ ಆಗುತ್ತದೆ, ಅವನ ವಿದ್ಯಾರ್ಥಿವೇತನ ಕ್ರಿಸ್‌ಮಸ್ಸಿಗೆ ಮುಗಿಯುತ್ತದೆ. ಈಗ ಬರೆಯುತ್ತಿರುವ ಪ್ರಬಂಧ ಅಚ್ಚಾದರೆ ಮುಂದಿನ ಮೂರು ವರ್ಷ ಇಲ್ಲೇ ಜಾಗ, ಇಲ್ಲದಿದ್ದರೆ ಊರಿನ ಯಾವುದೋ ಶಾಲೆಯಲ್ಲಿ ಪಾಠ. ಇದನ್ನೆಲ್ಲ ಅವನು ಅವಳಿಗೆ ಹೇಳಿದ್ದಲ್ಲ, ಅವಳು ಪಾತ್ರೆ ಇಡಲು ಹೋದಾಗ ಬೇರೆಯವರಿಗೆ ಹೇಳಿದ್ದು ಅವಳ ಕಿವಿಗೆ ಬಿದ್ದದ್ದು. ಇಲ್ಲಿಯ ಪಾಠವನ್ನೆಲ್ಲ ಅವಳು ಹೀಗೇ ಕಲಿತಳು, ಕೈಯಲ್ಲಿ ಟ್ರೇ ಹಿಡಿದು, ಹೋಗುತ್ತಿರುವವಳ ಹಾಗೆ ನಿಂತು. ನರಕೋಶದ ಗೋಡೆಯಲ್ಲಿ ಬಾಗಿಲುಗಳಿವೆ ಎಂದು ಅಸ್ಗರ್ ಹೊಸ ಹುಡುಗರಿಗೆ ಹೇಳುತ್ತಿದ್ದ. ಗಾಬಾ ಎನ್ನುವ ವಸ್ತು ಬಂದು ತಟ್ಟಿದರೆ ಆ ಬಾಗಿಲು ತೆರೆಯುತ್ತದೆ, ಅದನ್ನೇ ಗ್ರಾಹಿ ಎನ್ನುವುದು. ಹೊರಗೆ ಕ್ಲೋರೈಡ್ ಜಾಸ್ತಿ, ಒಳಗೆ ಕಡಿಮೆ. ಬಾಗಿಲು ತೆರೆದರೆ ಅದು ಒಳಕ್ಕೆ ನುಗ್ಗುತ್ತದೆ, ಕೋಶ ಸುಮ್ಮನಾಗುತ್ತದೆ. "ಆದ್ರೆ ನೆನಪಿಟ್ಕೊಳ್ಳಿ, ಬಾಗಿಲಿಗೆ ಒಳಗೂ ಹೊರಗೂ ಗೊತ್ತಿಲ್ಲ. ನಿಮ್ಮ ಸೂಜಿಯಿಂದ್ಲೇ ಕ್ಲೋರೈಡ್ ಸೋರಿ ಕೋಶದೊಳಗೆ ತುಂಬಿಕೊಂಡ್ರೆ, ಅದೇ ಬಾಗಿಲಿಂದ ಹೊರಕ್ಕೆ ಹರಿಯುತ್ತೆ. ಸುಮ್ಮನಾಗಿಸಬೇಕಾದದ್ದೇ ಕೆರಳಿಸುತ್ತೆ. ಎಷ್ಟು ಜನ ಈ ಹಳ್ಳಕ್ಕೆ ಬಿದ್ದಿದಾರೋ. ಅದಕ್ಕೇ ನಾನು ಅಸಿಟೇಟ್ ಬಿಟ್ಟು ಬೇರೆ ಮುಟ್ಟೋದಿಲ್ಲ."

ಮೇಲೆ ಕಾಫಿ ಕೋಣೆಯಲ್ಲಿ ಅಸ್ಗರ್ ಉದ್ದನೆಯ ಅಳತೆ ಕಾಗದವನ್ನು ಮೇಜಿನಿಂದ ನೆಲದವರೆಗೆ ಬಿಡಿಸಿದ್ದ. ನೀಲಿ ಶಾಯಿಯ ಗೆರೆ ಎದ್ದೆದ್ದು ನಿಂತಿತ್ತು. ಬಲಿತ ಇಲಿಯ ಕೋಶ ಗಾಬಾ ಕೊಟ್ಟರೆ ತಣ್ಣಗಾಗುತ್ತದೆ, ಅದನ್ನು ಅವನು ವಸಂತದಲ್ಲೇ ಅಳೆದಿದ್ದ. ಆರು ದಿನದ ಮರಿಗಳ ಕೋಶ ಕೆರಳುತ್ತದೆ, ಇದು ಈ ಆರು ವಾರದ್ದು. ಎಳೆಯ ಮಿದುಳಿಗೆ ಸಮಾಧಾನ ಮಾಡುವ ವಸ್ತುವೇ ಬಡಿದೆಬ್ಬಿಸುವ ವಸ್ತು ಎಂದು ಅವನ ವಾದ. ಹೋಲ್ಗರ್ ಕನ್ನಡಕವನ್ನು ಹಣೆಗೆ ಏರಿಸಿ ಗೆರೆಯನ್ನು ಹತ್ತಿರದಿಂದ ನೋಡಿದರು.

"ಸೂಜೀಲಿ ಏನಿತ್ತಪ್ಪಾ?"

"ಅಸಿಟೇಟ್."

"ಖಾತ್ರೀನಾ?"

"ದ್ರಾವಣ ಮಾಡಿದ್ದು ವಿಬೆಕೆ," ಎಂದ ಅಸ್ಗರ್, ಅವಳತ್ತ ಕೈ ಮಾಡಿ. "ನನ್ನ ಕೈ ನಾನು ನಂಬಲ್ಲ, ಇವಳ ಕೈ ನಂಬ್ತೀನಿ."

ಎಲ್ಲರೂ ತಿರುಗಿ ನೋಡಿದರು. ಹಾಗೆ ಎಲ್ಲರೂ ಒಟ್ಟಿಗೆ ಅವಳನ್ನು ನೋಡಿದ್ದು ಸೆಪ್ಟೆಂಬರ್ ಹನ್ನೆರಡರ ನಂತರ ಅದೇ ಮೊದಲು. ಹೋಲ್ಗರ್ ತಲೆಯಾಡಿಸಿದರು. "ಹಾಗಿದ್ರೆ ಆಯ್ತು. ನಾಳೆ ಶುಕ್ರವಾರ, ಕಾಫಿ ಆದ್ಮೇಲೆ ಪ್ರಬಂಧಾನ ನಾನೇ ಅಂಚೆಗೆ ಹಾಕ್ತೀನಿ." ಆಗ ಹೇಳಬೇಕಾಗಿತ್ತು. ಬಾಯಿ ತೆರೆದರೆ ಸಾಕಾಗಿತ್ತು. ಅವಳ ಕೆನ್ನೆ ಬಿಸಿಯಾಯಿತು, ಆ ಬಿಸಿಯಲ್ಲಿ ನಾಚಿಕೆ ಎಷ್ಟು, ಹೊಗಳಿಸಿಕೊಂಡ ಸುಖ ಎಷ್ಟು ಎಂದು ಅವಳಿಗೆ ಬೇರೆ ಮಾಡಲು ಆಗಲಿಲ್ಲ. "ನೋಡ್ರೋ, ಬೀಟ್‌ರೂಟ್ ಆದ್ಲು," ಎಂದಳು ರಿಗ್ಮೋರ್. ಎಲ್ಲರೂ ನಕ್ಕರು. ಅವಳೂ ನಕ್ಕಳು. ಮರಿಗಳ ತಲೆಯಲ್ಲಿ ನಿಜವಾಗಿ ಏನಿದೆಯೋ ಅವಳಿಗೆ ಗೊತ್ತಿಲ್ಲ, ಅಸ್ಗರ್ ಹೇಳಿದ್ದೇ ನಿಜವಿರಬಹುದು, ತಪ್ಪು ದ್ರಾವಣ ಸರಿಯಾದ ಉತ್ತರ ಕೊಟ್ಟಿರಬಹುದು. ಕೆಳಗಿಳಿಯುವಾಗ ಪ್ರತಿ ಮೆಟ್ಟಿಲಿಗೂ ಅವಳು ಇದನ್ನು ಹೇಳಿಕೊಂಡಳು. ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಆ ಮಾತಿನಲ್ಲಿ ಏನೂ ಉಳಿದಿರಲಿಲ್ಲ.

ಸೈಕಲ್ ತುಳಿದು ಮನೆಗೆ ಬಂದಾಗ ಅಮ್ಮ ಎಂದಿನಂತೆ ಕಿಟಕಿಯ ಕುರ್ಚಿಯಲ್ಲಿ ಇದ್ದಳು. "ಬಂದ್ಯಾ," ಎಂದಳು. ಪ್ರಶ್ನೆಯಲ್ಲ, ಗಡಿಯಾರದ ಸದ್ದಿನಂತೆ ಒಂದು ಸದ್ದು. ಹನ್ನೆರಡು ವರ್ಷದಿಂದ ದಿನಕ್ಕೆ ಮೂರು ಮಾತ್ರೆ, ಸಮಾಧಾನದ ಮಾತ್ರೆ ಎಂದು ವೈದ್ಯರು ಕರೆದದ್ದು. ಆ ಮಾತ್ರೆಯ ಬಗ್ಗೆಯೂ ಅಸ್ಗರ್ ಒಂದು ದಿನ ಹೊಸ ಹುಡುಗರಿಗೆ ಹೇಳಿದ್ದ. ಮಾತ್ರೆ ತಾನಾಗಿ ಬಾಗಿಲು ತೆರೆಯುವುದಿಲ್ಲ, ಗಾಬಾ ತಟ್ಟಿದಾಗ ಬಾಗಿಲು ಇನ್ನಷ್ಟು ಸಲ ತೆರೆಯುವ ಹಾಗೆ ಮಾಡುತ್ತದೆ, ತಟ್ಟುವವರು ಬೇರೆ ಇರಲೇಬೇಕು. ವರ್ಷಗಟ್ಟಲೆ ತಿಂದರೆ ಮಿದುಳು ಅದಕ್ಕೆ ಒಗ್ಗಿಕೊಂಡು ತನ್ನ ಬಾಗಿಲುಗಳನ್ನೇ ಬಿಗಿ ಮಾಡಿಕೊಳ್ಳುತ್ತದೆ. "ಆಮೇಲೆ ಒಂದಿನ ಇದ್ದಕ್ಕಿದ್ದ ಹಾಗೆ ಮಾತ್ರೆ ನಿಲ್ಲಿಸಿದ್ರೆ, ತಡೆಯೋರೇ ಇಲ್ಲ. ಸೆಳವು ಬರುತ್ತೆ." ಅವತ್ತು ಅವಳ ಟ್ರೇಯಲ್ಲಿ ಹದಿನಾರು ಲೋಟಗಳಿದ್ದವು. ಒಂದೂ ಸದ್ದಾಗದಂತೆ ಹಿಡಿದುಕೊಂಡು ನಿಂತಿದ್ದಳು. ಈಸ್ಟರ್ ರಜೆಗೆ ಐದು ದಿನ ಎಲ್ಲ ಬಾಗಿಲು ಹಾಕುತ್ತಾರೆ. ಹಿಂದೆ ಅಂಥ ಒಂದು ರಜೆ, ಆಗ ಅವಳಿಗೆ ಹದಿನಾರು ವರ್ಷ. ಬುಧವಾರ ಮಾತ್ರೆ ಮುಗಿದಿತ್ತು. ಗುರುವಾರ ರಜೆಯಲ್ಲೂ ತೆರೆದಿರುವ ಔಷಧಿ ಅಂಗಡಿಯ ಮುಂದೆ ನಿಂತಳು, ಗೋಡೆಯಲ್ಲಿ ಸಣ್ಣ ಕಿಂಡಿ, ಪಕ್ಕದಲ್ಲಿ ಹಿತ್ತಾಳೆಯ ಗಂಟೆ. ಗಂಟೆ ಒತ್ತಿದರೆ ಯಾರೋ ಬಂದು ಯಾರಿಗೆ, ಯಾಕೆ, ಎಷ್ಟು ದಿನದಿಂದ ಎಂದು ಕೇಳುತ್ತಾರೆ. ಅವಳ ಹಿಂದೆ ಒಬ್ಬ ಗಂಡಸು ಮಗುವನ್ನು ಎತ್ತಿಕೊಂಡು ಕಾಯುತ್ತಿದ್ದ. "ಒತ್ತಮ್ಮ," ಎಂದ. ಅವಳು ಪಕ್ಕಕ್ಕೆ ಸರಿದು ಅವನಿಗೆ ದಾರಿ ಬಿಟ್ಟು ಮನೆಗೆ ನಡೆದಳು. ಅಂಗಡಿ ಮುಚ್ಚಿದೆ ಎಂದು ಅಮ್ಮನಿಗೆ ಹೇಳಿದಳು. ಭಾನುವಾರ ಬೆಳಿಗ್ಗೆ ಅಡಿಗೆಮನೆಯ ನೆಲದ ಮೇಲೆ ಅಮ್ಮನ ಹಿಮ್ಮಡಿಗಳು ಹಲಗೆಯನ್ನು ಬಡಿಯುವ ಸದ್ದು ಕೇಳಿಸಿತು. ಆಸ್ಪತ್ರೆಯಲ್ಲಿ ಯಾರೂ ಏನೂ ಕೇಳಲಿಲ್ಲ. ಕೇಳದ್ದರಿಂದ ಅವಳೂ ಹೇಳಲಿಲ್ಲ. ಅಮ್ಮನ ಆ ಕಾಯಿಲೆಯಿಂದಲೇ ಶಾಲೆಗೆ ಹೋಗುವುದು ನಿಂತಿತು ಎಂದು ಎಲ್ಲರಿಗೂ ಹೇಳುತ್ತಾ ಬಂದಿದ್ದಾಳೆ, ಶಾಲೆ ಬಿಟ್ಟು ಅದಾಗಲೇ ಎರಡು ವರ್ಷ ಆಗಿತ್ತು ಎನ್ನುವುದನ್ನು ತಾನೇ ಮರೆಯುವಷ್ಟು ಸಲ.

ಕೋಟು ತೆಗೆಯದೆ ಅವಳು ಹಿಟ್ಟಿನ ಡಬ್ಬಿ ಇಳಿಸಿದಳು. ಸಂಸ್ಥೆಯಲ್ಲಿ ಒಂದು ಪದ್ಧತಿಯಿದೆ, ಈ ದೇಶದ ಕಚೇರಿಗಳಲ್ಲೆಲ್ಲ ಇರುವುದೇ. ಯಾರು ಎಡವಟ್ಟು ಮಾಡುತ್ತಾರೋ ಅವರು ಶುಕ್ರವಾರ ಕೇಕ್ ತರಬೇಕು. ಕತ್ತರಿಸುವ ಮೊದಲು ಎದ್ದು ನಿಂತು ಏನು ಮಾಡಿದೆ ಎಂದು ಹೇಳಬೇಕು. ಎಲ್ಲರೂ ನಗುತ್ತಾರೆ, ತಿನ್ನುತ್ತಾರೆ, ಅಲ್ಲಿಗೆ ಮುಗಿಯಿತು, ಆಮೇಲೆ ಆ ಮಾತನ್ನು ಯಾರೂ ಎತ್ತುವ ಹಾಗಿಲ್ಲ. ರಿಗ್ಮೋರ್ ಶೀತಲಪೆಟ್ಟಿಗೆಯ ಬಾಗಿಲು ತೆರೆದಿಟ್ಟು ರಜೆಗೆ ಹೋದದ್ದಕ್ಕೆ ಎರಡು ಕೇಕ್ ತಂದಿದ್ದಳು. ಹೋಲ್ಗರ್ ಬೇರೆಯವರ ಭಾಷಣದ ಚಿತ್ರಗಳನ್ನು ಹಿಡಿದು ಸ್ಟಾಕ್‌ಹೋಮಿಗೆ ಹೋಗಿ ಬಂದಿದ್ದರು, ಅವರೂ ತಂದರು. ವಿಬೆಕೆ ಎರಡು ವರ್ಷದಲ್ಲಿ ಒಮ್ಮೆಯೂ ತಂದಿಲ್ಲ. ಇದು ಹೆಮ್ಮೆ ಎಂದು ಅವಳು ಅಂದುಕೊಂಡಿದ್ದಳು. ಕೇಕ್ ತಂದವರ ಬೆನ್ನನ್ನು ಎಲ್ಲರೂ ತಟ್ಟುವುದನ್ನು ಗೋಡೆಗೆ ಒರಗಿ ನೋಡುವಾಗ ಅದು ಹೆಮ್ಮೆಯ ಹಾಗೆ ಇರುತ್ತಿರಲಿಲ್ಲ. ಈಗ ಬೆಣ್ಣೆ, ಕಂದು ಸಕ್ಕರೆ ಕರಗಿಸಿ ಉಬ್ಬಿದ ಹಿಟ್ಟಿನ ಮೇಲೆ ಸುರಿದು, ಬೆರಳಿನಿಂದ ಅಲ್ಲಲ್ಲಿ ಗುಳಿ ಒತ್ತಿದಳು.

"ಯಾರ ಹುಟ್ಟುಹಬ್ಬ?" ಎಂದಳು ಅಮ್ಮ, ವಾಸನೆಗೆ ತಲೆಯೆತ್ತಿ.

"ಯಾರದ್ದೂ ಅಲ್ಲ. ನಾನೊಂದು ತಪ್ಪು ಮಾಡಿದೀನಿ ಅಮ್ಮ."

"ಅದಕ್ಕೆ ಕೇಕಾ?"

"ಹ್ಞೂಂ. ಅಲ್ಲಿ ಹಾಗೇನೇ."

"ನೀನು ಸಣ್ಣವಳಿದ್ದಾಗಿಂದ ತಪ್ಪು ಮಾಡಿದವಳೇ ಅಲ್ಲ," ಎಂದು ಅಮ್ಮ ಮತ್ತೆ ಕಿಟಕಿಗೆ ತಿರುಗಿದಳು. ವಿಬೆಕೆಯ ಬೆರಳು ಬಿಸಿ ಸಕ್ಕರೆಯಲ್ಲಿ ಹಾಗೇ ನಿಂತಿತ್ತು. ಸುಡುತ್ತಿದೆ ಎಂದು ತಿಳಿಯಲು ಹೊತ್ತು ಹಿಡಿಯಿತು.

ಶುಕ್ರವಾರ ಬೆಳಿಗ್ಗೆ ಕೇಕನ್ನು ಸೈಕಲ್ಲಿನ ಬುಟ್ಟಿಯಲ್ಲಿಟ್ಟುಕೊಂಡು ಬರುವಾಗ ಅವಳು ವಾಕ್ಯವನ್ನು ಬಾಯಿಪಾಠ ಮಾಡಿದಳು. ಮೂರೇ ಮಾತು. ಹೇಳುವುದು, ನಗಿಸಿಕೊಳ್ಳುವುದು, ಮುಗಿಸುವುದು. ರಿಗ್ಮೋರ್ ಮೊದಲು ನಗುತ್ತಾಳೆ, ಅಸ್ಗರ್ ತಲೆ ಹಿಡಿದುಕೊಂಡು ಅಯ್ಯೋ ವಿಬೆಕೆ ಅನ್ನುತ್ತಾನೆ, ಯಾರಾದರೂ ಬೆನ್ನು ತಟ್ಟುತ್ತಾರೆ. ಸೇತುವೆ ದಾಟುವಷ್ಟರಲ್ಲಿ ಅವಳಿಗೆ ಹೆಚ್ಚುಕಡಿಮೆ ಆಸೆಯೇ ಆಗತೊಡಗಿತ್ತು. ಆದರೆ ಕಾಫಿ ಕೋಣೆಗೆ ಹೊಕ್ಕಾಗ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿತ್ತು, ನಡುವೆ ಅಸ್ಗರ್‌ನ ದಪ್ಪ ಲಕೋಟೆ, ಲಂಡನ್ನಿನ ವಿಳಾಸ. "ಅಯ್ಯೋ ನನ್ನ ಬಂಗಾರ, ನಿನಗೂ ಹೊಳೀತಲ್ಲ," ಎಂದು ರಿಗ್ಮೋರ್ ಅವಳ ಕೈಯಿಂದ ಕೇಕ್ ತೆಗೆದುಕೊಂಡು, ಖಾನೆಯಿಂದ ಕಾಗದದ ಸಣ್ಣ ಬಾವುಟಗಳನ್ನು ಹುಡುಕಿ, ಸಾಲಾಗಿ ಚುಚ್ಚಿದಳು. ಕೆಂಪು ಬಿಳಿ ಬಾವುಟ, ಸಂತೋಷದ ದಿನಕ್ಕೆ ಚುಚ್ಚುವಂಥದ್ದು. ಎಡವಟ್ಟಿನ ಕೇಕಿಗೆ ಯಾರೂ ಬಾವುಟ ಚುಚ್ಚುವುದಿಲ್ಲ.

"ಇದು ಅದಲ್ಲ," ಎಂದಳು ವಿಬೆಕೆ.

"ಏನದಲ್ಲ? ಚಾಕು ಕೊಡು."

ಎಂಟು ಜನ ಸುತ್ತ ಕೂತರು. ಹೋಲ್ಗರ್ ಲೋಟಕ್ಕೆ ಚಮಚ ತಟ್ಟಿದರು. "ಅಸ್ಗರ್‌ಗೆ ನಾವೆಲ್ಲ ಒಳ್ಳೇದಾಗ್ಲಿ ಅನ್ನೋಣ. ಕೇಕು ತಂದ ವಿಬೆಕೆಗೂ. ದ್ರಾವಣ ಇವಳದ್ದು, ಕೇಕೂ ಇವಳದ್ದು." ಅಸ್ಗರ್ ಅವಳತ್ತ ತಿರುಗಿ, ಅವನ ಸ್ವಭಾವಕ್ಕೆ ಮೀರಿ ಮೆಲ್ಲಗೆ, "ಕೊನೇಲಿ ಕೃತಜ್ಞತೆ ಅಂತ ಬರೆದಿರೋ ಕಡೆ ನಿನ್ನ ಹೆಸರು ಹಾಕಿದೀನಿ. ಪೂರ್ತಿ ಹೆಸರು," ಎಂದ. ಮುದ್ರಣದಲ್ಲಿ ಅವಳ ಹೆಸರು ಎಲ್ಲಿಯೂ ಇರಲಿಲ್ಲ, ಟೆಲಿಫೋನ್ ಪುಸ್ತಕದಲ್ಲೂ ಅಮ್ಮನದೇ. ಲಕೋಟೆಯೊಳಗೆ, ಕೊನೆಯ ಹಾಳೆಯಲ್ಲಿ, ಅದು ಈಗ ಇದೆ. ಅವಳು ತನ್ನ ಪಾಲಿನ ತುಂಡನ್ನು ನೋಡಿದಳು. ಗುಳಿಗಳಲ್ಲಿ ಸಕ್ಕರೆ ಹೊಳೆಯುತ್ತಿತ್ತು. ಯಾರೂ ಏನು ಮಾಡಿದೆ ಎಂದು ಕೇಳುವುದಿಲ್ಲ, ಇವತ್ತು ಕೇಳುವ ದಿನವಲ್ಲ. ಕೇಳದಿದ್ದರೆ ಹೇಳಬೇಕಾಗಿಲ್ಲ. ಹೋಲ್ಗರ್ ಕೊನೆಯ ತುತ್ತು ನುಂಗಿ, ಬೆರಳು ಒರೆಸಿಕೊಂಡು, ಲಕೋಟೆಯನ್ನು ಕಂಕುಳಿಗೆ ಸೇರಿಸಿ ಎದ್ದರು. ಗೋಡೆಯಲ್ಲಿ ಕಿಂಡಿಯಿರಲಿಲ್ಲ, ಗಂಟೆಯಿರಲಿಲ್ಲ, ಹಿಂದೆ ನಿಂತು ಒತ್ತಮ್ಮ ಎನ್ನುವವರೂ ಇರಲಿಲ್ಲ.

"ಆ ದ್ರಾವಣ ಅಸಿಟೇಟ್ ಅಲ್ಲ," ಎಂದಳು ವಿಬೆಕೆ.

ಅವಳ ಧ್ವನಿ ಅಷ್ಟು ದೊಡ್ಡದಾಗಿ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಎದ್ದು ನಿಂತಿದ್ದಳು. ಪದ್ಧತಿಯ ಪ್ರಕಾರ ನಿಲ್ಲಬೇಕು. "ಸೆಪ್ಟೆಂಬರ್ ಹನ್ನೆರಡಕ್ಕೆ ನಾನು ಕ್ಲೋರೈಡ್ ತಗೊಂಡೆ. ಅಸಿಟೇಟ್ ಡಬ್ಬೀದು ಮೊಹರೇ ಒಡೆದಿಲ್ಲ. ನಿನ್ನೆ ಬೆಳಿಗ್ಗೇನೇ ಗೊತ್ತಾಯ್ತು. ಆದ್ರೂ ಹೇಳಲಿಲ್ಲ. ಅದಕ್ಕೇ ಕೇಕ್."

ಅವಳು ನಗುವಿಗೆ ಕಾದಳು. ರಿಗ್ಮೋರ್‌ಳನ್ನು ನೋಡಿದಳು, ಯಾವಾಗಲೂ ಮೊದಲು ನಗುವವಳು ಅವಳೇ. ರಿಗ್ಮೋರ್ ಚಾಕುವಿಗೆ ಅಂಟಿದ ಸಕ್ಕರೆಯನ್ನು ತಟ್ಟೆಯ ಅಂಚಿಗೆ ಒರೆಸುತ್ತಿದ್ದಳು, ಒಂದು ಕಡೆ, ಆಮೇಲೆ ಇನ್ನೊಂದು ಕಡೆ. ಹೊಸ ಹುಡುಗರಲ್ಲಿ ಒಬ್ಬ ಬಾಯಲ್ಲಿದ್ದದ್ದನ್ನು ಅಗಿಯುವುದೋ ಬಿಡುವುದೋ ತಿಳಿಯದೆ ಕೂತಿದ್ದ. ಹೋಲ್ಗರ್ ಲಕೋಟೆಯನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟರು, ವಿಳಾಸದ ಬದಿ ಕೆಳಗಾಗಿ. "ಮೂವತ್ತೊಂದು ಕೋಶ ಅಳೆದಿದ್ದೆ," ಎಂದ ಅಸ್ಗರ್. ಅದು ಅವಳಿಗೆ ಹೇಳಿದ್ದಲ್ಲ. ಅವನು ಕಿಟಕಿಯ ಕಡೆ ನೋಡುತ್ತಿದ್ದ, ಅವನ ಮುಖದಲ್ಲಿ ಕೋಪ ಇರಲಿಲ್ಲ, ಕೋಪವಿದ್ದಿದ್ದರೆ ಅವಳಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಕುರ್ಚಿ ಸರಿದ ಸದ್ದಾಯಿತು. ಯಾರೋ ಎದ್ದು ಹೋದರು. ಇನ್ನೊಬ್ಬರು ಲೋಟಗಳನ್ನು ಒಂದರೊಳಗೊಂದು ಜೋಡಿಸತೊಡಗಿದರು. ವಿಬೆಕೆ ಕೂರಲಿಲ್ಲ. ಕೂತರೆ ಹೇಳಿದ್ದು ಮುಗಿದಂತಾಗುತ್ತದೆ.

ಕೊನೆಗೆ ಕೋಣೆಯಲ್ಲಿ ಅವಳನ್ನು ಬಿಟ್ಟರೆ ಅಸ್ಗರ್, ಹೋಲ್ಗರ್, ರಿಗ್ಮೋರ್ ಮಾತ್ರ ಉಳಿದರು. ಮೂವರೂ ಲಕೋಟೆಯ ಸುತ್ತ ನಿಂತು ಅದನ್ನೇ ನೋಡುತ್ತಿದ್ದರು.

"ಸೋಮವಾರ ಅಸಿಟೇಟ್ ದ್ರಾವಣ ಹೊಸದಾಗಿ ಮಾಡಿಕೊಡ್ತೀನಿ," ಎಂದಳು ವಿಬೆಕೆ. "ಯಾರಾದ್ರೂ ಪಕ್ಕದಲ್ಲಿ ನಿಂತು ನೋಡಿ. ಆ ಹೊಸ ದ್ರಾವಣದಲ್ಲಿ ಮರಿಗಳ ಕೋಶಾನ ಒಂದೇ ಒಂದು ಸಲ ಅಳೆದು ನೋಡು, ಅಸ್ಗರ್."